ಅಧ್ಯಕ್ಷಪೀಠವೂ ಪುರಜನರ ಕಣ್ಣೂ

ಕಳೆದ ಮಳೆಗಾಲದಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ ನೆಲೆಸಿರುವ ನಮ್ಮ ಹಳೆಯ ಶಿಷ್ಯನೊಬ್ಬನು ವಿರಾಜಪೇಟೆಗೆ ಬಂದಿದ್ದನು. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವಾಗ ಮಾತು ಊರಿನ ಚುನಾವಣೆಯ ಕಡೆಗೆ ತಿರುಗಿತು. “ಗುರುಗಳೇ, ಅಲ್ಲಿ ನಗರಸಭೆಯ ಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಯೇ ಇಲ್ಲ; ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ” ಎಂದು ಅವನು ಹೇಳಲು, ಒಳಗಿನಿಂದ ನಮ್ಮ ಮನೆಯವರು “ಹಾಗಾದರೆ ಅಲ್ಲಿ ಜಗಳವೇ ಇಲ್ಲವೇನಪ್ಪಾ?” ಎಂದು ಕೇಳಿದರು. ಅವನು ನಕ್ಕು ಹೇಳಿದ ಸಂಗತಿಯು ವಾಚಕರೂ ತಿಳಿಯತಕ್ಕದ್ದಾಗಿದೆ.

೨೦೧೮ನೆಯ ಇಸವಿಯಲ್ಲಿ ಟೊರಾಂಟೊದ ೪೭ ವಾರ್ಡುಗಳಿಗೆ ಅಭ್ಯರ್ಥಿಗಳು ಮನೆಮನೆಗೆ ಹೋಗಿ ಮತ ಯಾಚಿಸುತ್ತಿದ್ದರು. ಅಷ್ಟರಲ್ಲಿ ಒಂಟಾರಿಯೊ ಪ್ರಾಂತದ ಸರಕಾರವು ಹೊಸ ಶಾಸನವೊಂದನ್ನು ಮಾಡಿ, ವಾರ್ಡುಗಳನ್ನು ೨೫ಕ್ಕೆ ಇಳಿಸಿಬಿಟ್ಟಿತು. ನಗರವು ನ್ಯಾಯಸ್ಥಾನದ ಮೆಟ್ಟಿಲನ್ನೇರಿತು. ೨೦೨೧ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಐವರು ಪ್ರಾಂತದ ಪರವಾಗಿಯೂ ನಾಲ್ವರು ನಗರದ ಪರವಾಗಿಯೂ ಅಭಿಪ್ರಾಯವಿತ್ತರು, ಶಾಸನವು ನಿಂತಿತು. ಕೆನಡಾದಲ್ಲಿ ನಗರಸಭೆಗಳು ಪ್ರಾಂತಸರಕಾರಗಳ ಸೃಷ್ಟಿಯೇ ಆಗಿರುವುದು ಇದಕ್ಕೆ ಕಾರಣವು.

ನಮ್ಮ ದೇಶದಲ್ಲಿ ಹಾಗಿಲ್ಲ. ೧೯೯೩ನೆಯ ಇಸವಿ ಜೂನ್ ೧ರಂದು ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಪಟ್ಟಣದ ಆಡಳಿತಕ್ಕೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕಲ್ಪಿಸಿದೆ. ಸಭೆಯ ಅವಧಿಯು ಐದು ವರ್ಷ. ಅದು ತೀರುವುದರೊಳಗೆ ಹೊಸ ಚುನಾವಣೆಯು ನಡೆಯತಕ್ಕದ್ದು. ಮೂರರಲ್ಲೊಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಚುನಾವಣೆಯನ್ನು ನಡೆಸತಕ್ಕದ್ದು ರಾಜ್ಯ ಚುನಾವಣಾ ಆಯೋಗ. ಇಷ್ಟೊಂದು ಭದ್ರವಾದ ಬೇಲಿಯು ಟೊರಾಂಟೊದವರಿಗಿಲ್ಲ.

ಆದರೆ ಬೇಲಿಯಿದ್ದ ಮಾತ್ರಕ್ಕೆ ಪೈರು ಮನೆಗೆ ಬಂದೀತೇ? ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿಯು ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಣ್ಣ ಪಟ್ಟಣಗಳ ಕಥೆಯು ಮತ್ತೊಂದು ಬಗೆಯದು. ನಮ್ಮಲ್ಲಿ ಜನರು ವಾರ್ಡಿನ ಸದಸ್ಯರನ್ನು ಆರಿಸುತ್ತಾರೆ. ಸದಸ್ಯರು ಶಾಸಕ, ಸಂಸತ್ಸದಸ್ಯರೊಡಗೂಡಿ ಅಧ್ಯಕ್ಷರನ್ನು ಆರಿಸುತ್ತಾರೆ. ಆ ಪೀಠವು ಯಾವ ವರ್ಗಕ್ಕೆ ಮೀಸಲೆಂಬುದನ್ನು ಸರಕಾರವು ಗೊತ್ತುಪಡಿಸುವುದು. ೨೦೧೮ರಲ್ಲಿ ರಾಜ್ಯದ ಅನೇಕ ಪಟ್ಟಣಗಳಲ್ಲಿ ಚುನಾವಣೆ ನಡೆಯಿತು. ವಿರಾಜಪೇಟೆಯಲ್ಲಿ ಅಕ್ಟೋಬರ್ ತಿಂಗಳಲ್ಲಿ. ಮೀಸಲಾತಿಯ ಪಟ್ಟಿಯು ವ್ಯಾಜ್ಯಕ್ಕೆ ಸಿಲುಕಿದ್ದರಿಂದ, ಗೆದ್ದ ಸದಸ್ಯರು ಅನೇಕ ಕಡೆಗಳಲ್ಲಿ ೨೦೨೦ರವರೆಗೆ ಅಧ್ಯಕ್ಷರಿಲ್ಲದೆ ಕಾಯಬೇಕಾಯಿತು. ಅಧಿಕಾರಿಗಳೇ ಆಡಳಿತವನ್ನು ನೋಡಿಕೊಂಡರು. ಮತದಾರನು ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದನು. ಚರಂಡಿಯ ಮಾತನ್ನೂ ದೀಪದ ಮಾತನ್ನೂ ಸಭೆಯಲ್ಲಿ ಕೇಳಬೇಕಾದವರು ಮಾತ್ರ ಬಾಗಿಲಾಚೆಯೇ ನಿಂತರು.

ಇದನ್ನು ಕೇಳಿ ನಮ್ಮ ಶಿಷ್ಯನು, “ಅಲ್ಲಿ ಚುನಾವಣೆಯ ನಡುವೆ ಕತ್ತರಿ ಹಾಕಿದರು, ಇಲ್ಲಿ ಚುನಾವಣೆಯಾದ ಮೇಲೆ ಬೀಗ ಹಾಕಿದರು” ಎಂದನು. ನಮ್ಮ ಮನೆಯವರು ಹೊರಗೆ ಬಂದು, “ಮತ ಕೇಳಲು ಬಂದವರನ್ನು ನಾವು ನಲ್ಲಿಯ ನೀರನ್ನಷ್ಟೇ ಕೇಳಿದೆವು, ಈ ಬೀಗದ ಮಾತನ್ನು ಯಾರೂ ಕೇಳಲಿಲ್ಲ” ಎಂದರು. ನಾವು ನಿರುತ್ತರರಾದೆವು. ನಲವತ್ತು ವರ್ಷ ಪಾಠ ಹೇಳಿದ ನಮಗೂ ಆ ಪ್ರಶ್ನೆಯು ತೋರಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಮನೆಯ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು, ಅವನು ಯಾವ ಪಕ್ಷದವನೇ ಆಗಲಿ, ನೀರನ್ನು ಕೇಳಿದ ಬಳಿಕ ಇದನ್ನೂ ಕೇಳತಕ್ಕದ್ದು: “ಅವಧಿ ತೀರುವುದರೊಳಗೆ ಚುನಾವಣೆ ನಡೆಯಲು, ಗೆದ್ದ ಕೂಡಲೆ ಸಭೆ ಕೂಡಲು, ನಿಮ್ಮ ಪಕ್ಷವು ಏನು ಮಾಡೀತು?”

‘ಅಧ್ಯಕ್ಷ’ ಎಂದರೆ ಮೇಲೆ ಕಣ್ಣಿಟ್ಟು ನೋಡುವವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಟ್ಟಣದ ಮೇಲ್ವಿಚಾರಣೆಯ ಅಧಿಕಾರಿಗೆ ‘ನಾಗರಿಕ’ನೆಂದು ಹೆಸರು. ಇಂದು ಆ ಹೆಸರು ನಮಗೆಲ್ಲರಿಗೂ ಬಂದಿದೆ. ಅಧ್ಯಕ್ಷಪೀಠವು ಬರಿದಾಗಿರುವಾಗ ಊರಿನ ಮೇಲೆ ಕಣ್ಣಿಡತಕ್ಕವರು ಯಾರೆಂಬುದನ್ನು ಆ ಹೆಸರೇ ಹೇಳುತ್ತದೆ.