ಹೈಬ್ರಿಡ್ ತಗೊಳ್ಳೋದಾ, ಆಲ್ ವೀಲ್ ಡ್ರೈವ್ ತಗೊಳ್ಳೋದಾ? ತೋಟದ ರಸ್ತೆ ಇಟ್ಕೊಂಡು ಒಂದು ಲೆಕ್ಕ

ಈ ವಾರ ಜೀವಾಮೃತ, ಕೊಳೆರೋಗ ಯಾವುದೂ ಇಲ್ಲ. ಕಾರಿನ ವಿಷಯ. ಮೆಣಸು, ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ನಮ್ಮ ಕಡೆ ಮೊದಲು ಬದಲಾಗೋದು ಮನೆ ಅಂಗಳದಲ್ಲಿ ನಿಂತಿರೋ ಗಾಡಿ. ಹದಿನೇಳು ಹದಿನೆಂಟು ಲಕ್ಷ ಹಾಕುವಾಗ ಹುಡುಗರು ನೋಡೋದು ಯೂಟ್ಯೂಬ್ ರಿವ್ಯೂ. ಆ ರಿವ್ಯೂ ಮಾಡಿರೋದು ಹೈವೇ ಮೇಲೆ. ನಮಗೆ ಬೇಕಿರೋದು ಜುಲೈ ತಿಂಗಳ ತೋಟದ ರಸ್ತೆ.

ನನ್ನ ಹತ್ರ ಇರೋದು ತರಕಾರಿ ಸಾಗಿಸೋ ಹಳೇ ಪಿಕಪ್. ಆದರೆ ಮೂಡಿಗೆರೆ ಹತ್ತಿರ ತೋಟ ಇರೋ ನನ್ನ ಚಿಕ್ಕಪ್ಪನ ಮಗ ಹೊಸ ಗಾಡಿ ತಗೊಳ್ಳೋಕೆ ಹೊರಟಾಗ ಅವನ ಜೊತೆ ಓಡಾಡಿ, ಎರಡನ್ನೂ ಓಡಿಸಿ, ಲೆಕ್ಕ ಹಾಕಿದ್ದೀನಿ. ಚಿಕ್ಕಪ್ಪನಿಗೆ ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ಅದರ ಜೊತೆ ವಾರಕ್ಕೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿನ ಗಿರಾಕಿಗಳಿಗೆ ತರಕಾರಿ ಕೊಡೋದು. ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಆರಾಮಾಗಿ ದಾಟುತ್ತೆ. ಮನೆಯಿಂದ ಟಾರ್ ರಸ್ತೆಗೆ ಮುನ್ನೂರೈವತ್ತು ಮೀಟರ್ ಕೆಂಪು ಮಣ್ಣಿನ ದಾರಿ, ಅದರಲ್ಲಿ ಎಂಬತ್ತು ಮೀಟರ್ ಕಡಿದಾದ ಏರು. ಮಳೆ ಅಂತ ಡಯಾಲಿಸಿಸ್ ಮುಂದಕ್ಕೆ ಹಾಕೋ ಹಾಗಿಲ್ಲ.

ಹೋಲಿಕೆಗೆ ತಗೊಂಡಿದ್ದು ಮಾರುತಿ ಗ್ರ್ಯಾಂಡ್ ವಿಟಾರಾ. ಇದೂ ಟೊಯೋಟಾ ಹೈರೈಡರ್ ಕೂಡ ಒಂದೇ ತಾಯಿಯ ಮಕ್ಕಳು, ಎರಡೂ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2022ರಲ್ಲಿ ಬಂದವು. ಒಂದೇ ಮೈಕಟ್ಟಿನಲ್ಲಿ ಎರಡು ಬಗೆಯ ಯಂತ್ರ ಸಿಗೋದ್ರಿಂದ ಹೋಲಿಸೋಕೆ ಸುಲಭ. ಒಂದು ಸ್ಟ್ರಾಂಗ್ ಹೈಬ್ರಿಡ್: 1,490 ಸಿಸಿಯ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಜೊತೆಗೆ ಎಲೆಕ್ಟ್ರಿಕ್ ಮೋಟರ್. ಮುಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಇನ್ನೊಂದು ಆಲ್‌ಗ್ರಿಪ್: 1,462 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ. ಆಲ್‌ಗ್ರಿಪ್ ಶುರುವಿನಲ್ಲಿ ಮ್ಯಾನುವಲ್ ಗೇರಿನಲ್ಲಿ ಬಂತು, 2025ರಲ್ಲಿ ಆಟೋಮ್ಯಾಟಿಕ್ ಬಂತು.

ಇಲ್ಲೊಂದು ಮಾತು. ಆಲ್‌ಗ್ರಿಪ್ ಗಾಡಿಯನ್ನೂ ಶೋರೂಮಿನಲ್ಲಿ ‘ಸ್ಮಾರ್ಟ್ ಹೈಬ್ರಿಡ್’ ಅಂತಾನೇ ಕರೀತಾರೆ. ಅದು ಮೈಲ್ಡ್ ಹೈಬ್ರಿಡ್. ಎಂಜಿನ್ನಿಗೆ ಸಣ್ಣದೊಂದು ಕೈ ಆಸರೆ ಅಷ್ಟೇ, ಬರೀ ಬ್ಯಾಟರಿ ಮೇಲೆ ಗಾಡಿ ಒಂದು ಅಡಿಯೂ ಹೋಗಲ್ಲ. ಸ್ಟ್ರಾಂಗ್ ಹೈಬ್ರಿಡ್ ಹಾಗಲ್ಲ. ಊರೊಳಗೆ ನಿಧಾನಕ್ಕೆ ಹೋಗುವಾಗ ಎಂಜಿನ್ ಆಫ್ ಆಗಿ ಮೋಟರೇ ಎಳೆಯುತ್ತೆ. ಸೇಲ್ಸ್‌ನವರು ‘ಎರಡೂ ಹೈಬ್ರಿಡ್ಡೇ ಸಾರ್’ ಅಂದ್ರೆ ತಲೆ ಆಡಿಸಿ ಬರಬೇಡಿ.

ಈಗ ಹೈಬ್ರಿಡ್ ಉಳಿತಾಯ ಮಾಡೋದು ಹೇಗೆ ಅಂತ ನೋಡೋಣ. ಸಾಮಾನ್ಯ ಗಾಡಿಯಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಹೈಬ್ರಿಡ್‌ನಲ್ಲಿ ಮೋಟರ್ ಆಗ ಡೈನಮೋ ಥರ ತಿರುಗಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತೆ. ಹಾಗಾಗಿ ನಿಂತು ನಿಂತು ಹೋಗೋ ಪೇಟೆ ರಸ್ತೆ, ಏರಿಳಿತದ ಮಲೆನಾಡು ರಸ್ತೆಯಲ್ಲಿ ಇದರ ಲಾಭ ಜಾಸ್ತಿ. ನೂರರ ವೇಗದಲ್ಲಿ ಒಂದೇ ಸಮ ಓಡಿಸಿದರೆ ವಾಪಸ್ ಸಿಗೋದು ಕಡಿಮೆ, ಅಂತರವೂ ಕುಗ್ಗುತ್ತೆ.

ಹಾಗಾದ್ರೆ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿ ತುಳುಕಬೇಕಲ್ಲ? ತುಳುಕುತ್ತೆ, ಅದೇ ತೊಂದರೆ. ಒಂದೂವರೆ ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಇಳಿದರೆ ಲೆಕ್ಕಕ್ಕೆ ಸಿಗೋ ಶಕ್ತಿ ಸುಮಾರು 2 ಯೂನಿಟ್ ಕರೆಂಟ್. ಈ ಗಾಡಿಯ ಬ್ಯಾಟರಿ ಹಿಡಿಯೋದೇ ಮುಕ್ಕಾಲು ಯೂನಿಟ್, ಅದನ್ನೂ ಪೂರ್ತಿ ಖಾಲಿ, ಪೂರ್ತಿ ಭರ್ತಿ ಆಗೋಕೆ ಗಾಡಿ ಬಿಡಲ್ಲ. ಸಣ್ಣ ಕೃಷಿಹೊಂಡಕ್ಕೆ ದೊಡ್ಡ ಹಳ್ಳ ತಿರುಗಿಸಿದ ಹಾಗೆ, ತುಂಬಿದ ಮೇಲೆ ಹೊರಗೇ ಹರಿಯಬೇಕು. ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಗೂ ಮುಂಚೆ ಬ್ಯಾಟರಿ ತುಂಬಿದ್ರೆ ಆಶ್ಚರ್ಯ ಪಡಬೇಡಿ. ಆಮೇಲೆ ಗೇರ್ ಲಿವರನ್ನು ‘ಬಿ’ಗೆ ಹಾಕಿ. ಎಂಜಿನ್ ಗಾಡಿಯನ್ನು ಹಿಡಿಯುತ್ತೆ, ಬ್ರೇಕ್ ಕಾಯಲ್ಲ. ಎಂಜಿನ್ ಜೋರಾಗಿ ಕೂಗಿದ್ರೆ ಗಾಬರಿ ಬೇಡ.

ದುಡ್ಡಿನ ಲೆಕ್ಕಕ್ಕೆ ಬರ್ತೀನಿ. ಕಂಪನಿ ಹೇಳಿದ ಮೈಲೇಜ್ ಹೈಬ್ರಿಡ್‌ಗೆ 27.97, ಆಲ್‌ಗ್ರಿಪ್ ಮ್ಯಾನುವಲ್‌ಗೆ 19.38. ನಮ್ಮ ರಸ್ತೆಗೆ ಇಷ್ಟು ಹಿಡಿಯೋದು ಬೇಡ. ನಾನು 22 ಮತ್ತು 14 ಇಟ್ಕೊಂಡೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂದ್ಕೊಳ್ಳಿ. ವರ್ಷಕ್ಕೆ 15,000 ಕಿಲೋಮೀಟರಿಗೆ ಹೈಬ್ರಿಡ್ ಕುಡಿಯೋದು 682 ಲೀಟರ್, ಸುಮಾರು 70 ಸಾವಿರ ರೂಪಾಯಿ. ಆಲ್‌ಗ್ರಿಪ್ 1,071 ಲೀಟರ್, ಸುಮಾರು 1 ಲಕ್ಷ 10 ಸಾವಿರ. ವ್ಯತ್ಯಾಸ 40 ಸಾವಿರ.

ಬೆಲೆ? ಬಿಡುಗಡೆಯ ದಿನ ಆಲ್‌ಗ್ರಿಪ್ ಆಲ್ಫಾ 16.89 ಲಕ್ಷ, ಹೈಬ್ರಿಡ್‌ನ ಮೊದಲ ಮಾಡೆಲ್ 17.99 ಲಕ್ಷ, ಎರಡೂ ಎಕ್ಸ್ ಶೋರೂಮ್. ಈಗಿನ ರೇಟು ನೀವೇ ಕೇಳಿ, ನಾನು ಲೆಕ್ಕದ ದಾರಿ ತೋರಿಸ್ತೀನಿ. ಅಂತರ 1 ಲಕ್ಷ 10 ಸಾವಿರ. ಆದರೆ ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. ಅಂದ್ರೆ ಆ ಅಂತರಕ್ಕೆ ಇನ್ನೂ 20,757 ರೂಪಾಯಿ ಸೇರಿ 1 ಲಕ್ಷ 31 ಸಾವಿರದ ಹತ್ತಿರ ಆಗುತ್ತೆ. 20 ಲಕ್ಷ ದಾಟಿದ್ರೆ ತೆರಿಗೆ ಶೇ. 18, ಆ ಗಡಿ ಹತ್ತಿರದ ಮಾಡೆಲ್ ನೋಡ್ತಿದ್ರೆ ಹುಷಾರು. ವರ್ಷಕ್ಕೆ 15,000 ಓಡಿಸೋನಿಗೆ ಮೂರೂಕಾಲು ವರ್ಷದಲ್ಲಿ ಈ ದುಡ್ಡು ವಾಪಸ್. ವರ್ಷಕ್ಕೆ 6,000 ಓಡಿಸೋನಿಗೆ ಎಂಟು ವರ್ಷ ಬೇಕು. ಹೈಬ್ರಿಡ್ ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ಹಾಕಿದ ದುಡ್ಡು ಬರೋ ಹೊತ್ತಿಗೆ ವಾರಂಟಿಯೂ ಮುಗೀತು. ಮನೆ ಸೇರಿದ ಮೇಲೆ ವಾರಗಟ್ಟಲೆ ಶೆಡ್‌ನಲ್ಲೇ ನಿಲ್ಲೋ ಗಾಡಿಗೆ ಹೈಬ್ರಿಡ್ ಬೇಡ ಅಂತ ನಾನು ಹೇಳೋದು ಅದಕ್ಕೇ.

ಇನ್ನು ಆ ಎಂಬತ್ತು ಮೀಟರ್. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ವಾಲುತ್ತೆ. ಡಿಕ್ಕಿಯಲ್ಲಿ ನಾಲ್ಕು ಕ್ರೇಟ್ ತರಕಾರಿ, ಹಿಂದಿನ ಸೀಟಿನಲ್ಲಿ ಇಬ್ಬರು ಇದ್ರೆ ಇನ್ನೂ ಹಿಂದಕ್ಕೆ. ಎಳೆಯೋ ಮುಂದಿನ ಚಕ್ರ ಹಗುರಾಗಿ ಒದ್ದೆ ಮಣ್ಣಿನಲ್ಲಿ ಸುಮ್ಮನೆ ಸುತ್ತುತ್ತೆ. ಮೋಟರಿನ ಬಲ ಎಷ್ಟಿದ್ರೂ ಹಿಡಿತ ಇಲ್ಲದಿದ್ರೆ ಏನು ಮಾಡೋದು? ಆಲ್‌ಗ್ರಿಪ್‌ನಲ್ಲಿ ಮುಂದಿನ ಚಕ್ರ ಜಾರಿದ್ದು ಗೊತ್ತಾದ ಕೂಡಲೇ ಹಿಂದಿನ ಚಕ್ರಕ್ಕೂ ಶಕ್ತಿ ಹೋಗುತ್ತೆ. ಕೆಸರು ಕಂಡ್ರೆ ಜಾರೋವರೆಗೆ ಕಾಯದೆ ಮೊದಲೇ ‘ಲಾಕ್’ ಹಾಕಿ ಏರಬೇಕು. ಅವತ್ತು ಮಳೆ ಬಿಟ್ಟು ಒಂದು ಗಂಟೆಯಾಗಿತ್ತು. ಹೈಬ್ರಿಡ್ ಮುಕ್ಕಾಲು ಏರಿ ನಿಂತಿತು, ಆಲ್‌ಗ್ರಿಪ್ ಒಂದು ಸಲ ಮಾತ್ರ ಅಲ್ಲಾಡಿ ಹತ್ತಿತು.

ಹಳಬರ ಒಂದು ಉಪಾಯ ಇದೆ, ಮುಂದಿನ ಚಕ್ರ ಎಳೆಯೋ ಗಾಡಿಯನ್ನು ರಿವರ್ಸ್‌ನಲ್ಲಿ ಏರಿಸೋದು. ಆಗ ಭಾರ ಎಳೆಯೋ ಚಕ್ರದ ಮೇಲೇ ಬೀಳುತ್ತೆ. ಆದ್ರೆ ಈ ಹೈಬ್ರಿಡ್‌ನಲ್ಲಿ ರಿವರ್ಸ್‌ಗೆ ಚಕ್ರ ತಿರುಗಿಸೋದು ಮೋಟರ್ ಒಂದೇ, ಎಂಜಿನ್ನಿನ ಬಲ ಸೇರಲ್ಲ. ಜನ ತುಂಬಿಸ್ಕೊಂಡು ಕಡಿದಾದ ಏರಿಗೆ ಈ ಉಪಾಯ ನಂಬ್ಕೊಂಡು ಕೂರಬೇಡಿ.

ಹಾಗಂತ ಆಲ್ ವೀಲ್ ಡ್ರೈವ್ ಅಂದ್ರೆ ಜೀಪ್ ಅಲ್ಲ. ಇದಕ್ಕೆ ಲೋ ಗೇರ್ ಇಲ್ಲ. ಅದು ಬೇಕಂದ್ರೆ ಜಿಮ್ನಿ, ಥಾರ್ ಕಡೆ ನೋಡಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋದಕ್ಕೂ ಇದರಿಂದ ಲಾಭ ಇಲ್ಲ, ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರೋದು. ಟೈರ್ ಗೀರಿನಲ್ಲಿ ಜೇಡಿ ಮೆತ್ತಿಕೊಂಡ ಮೇಲೆ ಎರಡೂ ಒಂದೇ. ಟೈರ್ ಸವೆದಿದ್ರೆ ಮಳೆಗಾಲಕ್ಕೆ ಮೊದಲು ಬದಲಾಯಿಸಿ, ಆಲ್‌ಗ್ರಿಪ್‌ಗಾದ್ರೆ ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು.

ನನ್ನ ಮೊದಲ ಸಲಹೆ ಕಾರಿನದ್ದೇ ಆಗಿರಲಿಲ್ಲ, ಕಾಂಕ್ರೀಟಿನದ್ದು. ಏರಿನ ಎಂಬತ್ತು ಮೀಟರಿಗೆ ಚಕ್ರ ಓಡೋ ಜಾಗದಲ್ಲಿ ಮಾತ್ರ ಎರಡು ಪಟ್ಟಿ, ತಲಾ ಎರಡಡಿ ಅಗಲ, ಐದು ಇಂಚು ದಪ್ಪ. ಸುಮಾರು ಹನ್ನೆರಡು ಘನ ಮೀಟರ್ ಕಾಂಕ್ರೀಟ್ ಸಾಕು. ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ತಿರುಗೋ ಹಾಗೆ ಒಂದು ಅಡ್ಡ ಚರಂಡಿ. ಮೇಸ್ತ್ರಿ ತೊಂಬತ್ತು ಸಾವಿರ ಹೇಳಿದ. ಎರಡೂಕಾಲು ವರ್ಷದ ಪೆಟ್ರೋಲ್ ಉಳಿತಾಯದಲ್ಲಿ ಅದು ಮುಗಿದುಹೋಗುತ್ತೆ, ಆಮೇಲೆ ಗೊಬ್ಬರದ ಪಿಕಪ್ಪೂ ಹತ್ತುತ್ತೆ, ಆಂಬುಲೆನ್ಸೂ ಹತ್ತುತ್ತೆ. ದಾರಿ ನಿಮ್ಮ ಹಿಡುವಳಿಯಲ್ಲೇ ಇದ್ರೆ ಕಣ್ಮುಚ್ಚಿ ಇದನ್ನೇ ಮಾಡಿ, ಆಮೇಲೆ ಹೈಬ್ರಿಡ್ ತಗೊಳ್ಳಿ.

ತಮ್ಮನ ದಾರಿಯಲ್ಲಿ ಅರ್ಧ ಏರು ಪಕ್ಕದವರ ಸರ್ವೆ ನಂಬರಿನಲ್ಲಿದೆ. ಓಡಾಡೋಕೆ ಅಡ್ಡಿ ಇಲ್ಲ, ಕಾಂಕ್ರೀಟ್ ಹಾಕೋಕೆ ಒಪ್ಪಲಿಲ್ಲ. ಎರಡು ಸಲ ಹೋಗಿ ಕೇಳಿಯಾಯ್ತು. ಕೊನೆಗೆ ಅವನು ಆಲ್‌ಗ್ರಿಪ್ ಬುಕ್ ಮಾಡಿದ. ವರ್ಷಕ್ಕೆ 40 ಸಾವಿರ ಜಾಸ್ತಿ ಪೆಟ್ರೋಲ್ ಅಂತ ಗೊತ್ತಿದ್ದೇ ಮಾಡಿದ್ದು. ಅವನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ.

ಹೈಬ್ರಿಡ್ ತಗೊಳ್ಳೋರು ಇನ್ನೆರಡು ನೋಡ್ಕೊಳ್ಳಿ. ಬ್ಯಾಟರಿ ಹಿಂದೆ ಇರೋದ್ರಿಂದ ಡಿಕ್ಕಿ ಚಿಕ್ಕದು. ಶೋರೂಮಿಗೆ ಹೋಗುವಾಗ ನಿಮ್ಮದೇ ಕ್ರೇಟ್ ಒಂದು ಜೊತೇಲಿ ಒಯ್ದು ಇಟ್ಟು ನೋಡಿ, ನಾಚಿಕೆ ಬೇಡ. ಬ್ಯಾಟರಿ ತಂಪಾಗೋಕೆ ಗಾಳಿ ಎಳೆಯೋ ಕಿಂಡಿ ಎಲ್ಲಿದೆ ಅಂತ ತೋರಿಸಿ ಅನ್ನಿ, ಅದರ ಮೇಲೆ ಚೀಲ ಒರಗಿಸೋ ಹಾಗಿಲ್ಲ. ಅಡಿಕೆ ಗೋಡೌನ್ ಪಕ್ಕ ನಿಲ್ಲಿಸೋರಿಗೆ ಇಲಿ ಕಾಟ ಗೊತ್ತೇ ಇದೆ. ಬಾನೆಟ್ ಒಳಗೆ ಕಿತ್ತಳೆ ಬಣ್ಣದ ವೈರ್ ಕಡಿದದ್ದು ಕಂಡ್ರೆ ಊರಿನ ಎಲೆಕ್ಟ್ರಿಷಿಯನ್ ಕೈಲಿ ಟೇಪ್ ಸುತ್ತಿಸಬೇಡಿ, ಅದು ಹೈ ವೋಲ್ಟೇಜ್ ಲೈನ್.

ಎರಡಕ್ಕೂ ಸೇರಿದ್ದು ಒಂದು. ಗಾಡಿ ಕೆಟ್ಟು ನಿಂತ್ರೆ ಹಗ್ಗ ಕಟ್ಟಿ ಟ್ರ್ಯಾಕ್ಟರ್ ಹಿಂದೆ ಗ್ಯಾರೇಜ್ ತನಕ ಎಳೆಸೋ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ. ಹೈಬ್ರಿಡ್‌ನ ಮುಂದಿನ ಚಕ್ರ ತಿರುಗಿದ್ರೆ ಮೋಟರ್ ತಿರುಗುತ್ತೆ. ಆಲ್‌ಗ್ರಿಪ್‌ನ ಎರಡು ಚಕ್ರ ಎತ್ತಿ ಎರಡು ನೆಲದಲ್ಲಿ ಬಿಟ್ರೆ ಹಿಂದು ಮುಂದಿನ ಜೋಡಣೆ ಹಾಳಾಗುತ್ತೆ. ಕೆಸರಿನಿಂದ ನಾಲ್ಕು ಮಾರು ಎಳೆದು ಹೊರಗೆ ಹಾಕೋದು ಬೇರೆ ಮಾತು. ರಸ್ತೆಗೆ ಬಂದ ಮೇಲೆ ನಾಲ್ಕೂ ಚಕ್ರ ಮೇಲೇರೋ ಫ್ಲಾಟ್‌ಬೆಡ್ಡೇ ಬೇಕು. ನಿಮ್ಮ ಊರಿಗೆ ಅದು ಎಷ್ಟು ಹೊತ್ತಿಗೆ ಬರುತ್ತೆ, ಎಲ್ಲಿಂದ ಬರುತ್ತೆ ಅನ್ನೋದನ್ನು ಬುಕ್ಕಿಂಗ್ ದುಡ್ಡು ಕಟ್ಟೋ ಮೊದಲೇ ಕೇಳಿಕೊಳ್ಳಿ.