ಡಿಸ್ಚಾರ್ಜ್ ಚೀಟಿಯಲ್ಲಿ ಇಲ್ಲದ ಮಾತು

ನಮ್ಮ ತಂದೆಯವರು ಬೆಂಗಳೂರಿನ ಆಸ್ಪತ್ರೆಯೊಂದರಿಂದ ಮನೆಗೆ ಮರಳಿದ 11ನೆಯ ದಿನವೇ ಮತ್ತೆ ಅಲ್ಲಿಗೆ ದಾಖಲಾಗಬೇಕಾಯಿತು. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ರಾತ್ರಿಯಿಡೀ ಕುರ್ಚಿಯಲ್ಲೇ ಕುಳಿತಿದ್ದರು. ಮಾತ್ರೆಗಳನ್ನು ಒಂದು ಹೊತ್ತೂ ಬಿಟ್ಟಿರಲಿಲ್ಲ. ಎಡವಿದ್ದು ಅಡುಗೆಮನೆಯಲ್ಲಿ. ಬಾಯಿರುಚಿ ಕೆಟ್ಟಿದೆಯೆಂದು ಅಮ್ಮ ದಿನವೂ ಗಂಜಿಯ ಜೊತೆ ಉಪ್ಪಿನಕಾಯಿ, ಸುಟ್ಟ ಹಪ್ಪಳ ಬಡಿಸುತ್ತಿದ್ದರು. ಕರಿದದ್ದಲ್ಲವಲ್ಲ ಎಂಬುದು ಅವರ ಸಮಾಧಾನ. ಡಿಸ್ಚಾರ್ಜ್ ಚೀಟಿಯಲ್ಲಿ ಒಂಬತ್ತು ಔಷಧಗಳ ಹೆಸರಿತ್ತು; ಊಟದ ಬಗ್ಗೆ ಇದ್ದದ್ದು 'ಮಿತ ಆಹಾರ' ಎಂಬ ಎರಡೇ ಪದ.

ಹೃದಯ ವೈಫಲ್ಯ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಕೇಳಿದವರು ಹೃದಯ ನಿಂತೇಹೋಯಿತೆಂದು ಭಾವಿಸುತ್ತಾರೆ, ಇಲ್ಲವೇ ಹೃದಯಾಘಾತವೆಂದು ತಿಳಿಯುತ್ತಾರೆ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲು ಹೃದಯ ಅಶಕ್ತವಾಗಿರುವ ಸ್ಥಿತಿ ಅದು. ಆಗ ಮೂತ್ರಪಿಂಡಗಳು ಉಪ್ಪು, ನೀರುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಾಲಿನಲ್ಲಿ, ಶ್ವಾಸಕೋಶದಲ್ಲಿ ಸೇರಿಕೊಳ್ಳುತ್ತದೆ.

ಇದನ್ನು ನಮಗೆ ತಿಳಿಯಹೇಳಿದವರು ಎರಡನೆಯ ಬಾರಿ ದಾಖಲಾದಾಗ ರಾತ್ರಿ ಪಾಳಿಯಲ್ಲಿದ್ದ ಒಬ್ಬ ನರ್ಸ್. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, 'ಅಮ್ಮಾ, ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುಂಚೆ, ಯಜಮಾನರ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಉಬ್ಬಸ ಬರಲೆಂದು ಕಾಯಬೇಡಿ, ಫೋನ್ ಮಾಡಿ' ಎಂದರು. ಉಪ್ಪಿನಕಾಯಿಯದೂ ಸೇರಿ ದಿನದ ಉಪ್ಪು ಒಂದು ಟೀ ಚಮಚ ಮೀರಬಾರದು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಯೂ ದೇಹದಲ್ಲಿ ನೀರು ನಿಲ್ಲಿಸುತ್ತದೆ. 'ಲೋ ಸೋಡಿಯಂ' ಉಪ್ಪಿನಲ್ಲಿರುವ ಪೊಟ್ಯಾಸಿಯಂ ಅಪ್ಪನ ಕೆಲವು ಮಾತ್ರೆಗಳೊಂದಿಗೆ ಅಪಾಯಕಾರಿ ಎಂದೂ ವಿವರಿಸಿದರು. ಕೊನೆಗೆ ಎಲ್ಲವನ್ನೂ ಅಮ್ಮನ ಬಾಯಿಂದಲೇ ತಿರುಗಿ ಹೇಳಿಸಿದರು. ಹೆಚ್ಚೆಂದರೆ ಹದಿನೈದು ನಿಮಿಷ. ಅಷ್ಟರಲ್ಲೇ ಎರಡು ಬಾರಿ ಬೇರೆ ಹಾಸಿಗೆಯ ಕರೆಗಂಟೆಗೆ ಎದ್ದುಹೋಗಿ ಬಂದರು.

ಇಂಥ ಮಾತಿನ ಬೆಲೆ ಎಷ್ಟೆಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಮೈಕೆಲ್ ರಿಚ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 282 ವೃದ್ಧ ರೋಗಿಗಳಿದ್ದರು. ನರ್ಸ್ ನೇತೃತ್ವದ ತಿಳಿವಳಿಕೆ ಮತ್ತು ನಿಗಾ ದೊರೆತವರಲ್ಲಿ, ಇದೇ ಕಾಯಿಲೆಗಾಗಿ ಮರಳಿ ದಾಖಲಾಗುವುದು ಮೂರು ತಿಂಗಳ ಅವಧಿಯಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಯಿತು. ನಮ್ಮ ನೆರೆಯ ತಿರುವನಂತಪುರದಲ್ಲಿ 2013ರಲ್ಲಿ ನೋಂದಾಯಿತರಾದ 1205 ರೋಗಿಗಳ ಪೈಕಿ ಹತ್ತಕ್ಕೆ ಮೂವರು ವರ್ಷದೊಳಗೆ ತೀರಿಕೊಂಡರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆದರೂ ಇದು ಆ ನರ್ಸ್‌ನ ಸೌಜನ್ಯವಾಗಿತ್ತೇ ಹೊರತು ಆಸ್ಪತ್ರೆಯ ವ್ಯವಸ್ಥೆಯಾಗಿರಲಿಲ್ಲ. ನಮ್ಮ ಬಿಲ್ಲಿನಲ್ಲಿ ಕೈಗವಸಿಗೂ ಹತ್ತಿಗೂ ಪ್ರತ್ಯೇಕ ಸಾಲುಗಳಿದ್ದವು; ಬೋಧನೆಗೆ ಸಾಲಿರಲಿಲ್ಲ. ಬಹುಶಃ ಆ ಕಾರಣಕ್ಕೇ ಅದಕ್ಕೆ ಸಮಯವೂ ಇಲ್ಲ. ರೋಗಿಯನ್ನು ಮನೆಗೆ ಕಳುಹಿಸುವ ದಿನ ಒಬ್ಬ ನರ್ಸ್‌ಗೆ ಈ ಕೆಲಸವನ್ನಷ್ಟೇ ವಹಿಸುವುದು, ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸುವುದು, ವಿಷಯ ಬಲ್ಲವರೇ ಎತ್ತುವ ಒಂದು ಫೋನ್ ಇಡುವುದು ದೊಡ್ಡ ಖರ್ಚಿನ ಬಾಬತ್ತುಗಳೇನಲ್ಲ.

ಅಮ್ಮ ಹಾಲಿನ ಲೆಕ್ಕದ ಪುಸ್ತಕದಲ್ಲೇ ತೂಕ ಬರೆಯುತ್ತಾರೆ. ದೀಪಾವಳಿ ಕಳೆದ ಮೂರನೆಯ ದಿನ 61 ಇದ್ದದ್ದು 63 ಆಗಿತ್ತು. ಬೆಳಿಗ್ಗೆ ಏಳಕ್ಕೇ ಆಸ್ಪತ್ರೆಗೆ ಫೋನ್ ಮಾಡಿದರು. 'ಡಾಕ್ಟರು ಬರುವುದು ಹತ್ತಕ್ಕೆ' ಎಂದು ಆ ಕಡೆ ಫೋನ್ ಇಟ್ಟುಬಿಟ್ಟರು. ಅಮ್ಮ ಹತ್ತಕ್ಕೆ ಮತ್ತೆ ಮಾಡಿದರು. ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣ ಏರಿಸಿದರು. ನಾಲ್ಕು ದಿನದಲ್ಲಿ ತೂಕ ಇಳಿಯಿತು. ಆ ಸಲ ದಾಖಲಾಗಬೇಕಾಗಲಿಲ್ಲ.