ಗಣಕಚಿತ್ರದ ಉನ್ನತ ವ್ಯಾಸಂಗ

ಎಂದೂ ಹುಟ್ಟದ ಪ್ರಾಣಿ ಬೆಳ್ಳಿತೆರೆಯ ಮೇಲೆ ಓಡುತ್ತದೆ. ಎಲ್ಲಿಯೂ ಕಟ್ಟದ ಅರಮನೆ ಉರಿದು ಬೀಳುತ್ತದೆ. ಇವು ಕಂಪ್ಯೂಟರಿನಲ್ಲಿ, ಎಂದರೆ ಗಣಕಯಂತ್ರದಲ್ಲಿ, ಲೆಕ್ಕದಿಂದ ಹುಟ್ಟಿದ ಚಿತ್ರಗಳೆಂಬುದನ್ನು ತಾವು ಬಲ್ಲಿರಿ. ಈ ವಿದ್ಯೆಯಲ್ಲಿಯೇ ಸ್ನಾತಕೋತ್ತರ ಪದವಿ ಪಡೆಯುವೆನೆಂದು ಮನೆಯ ಮಗನೋ ಮಗಳೋ ಹೇಳಿದಾಗ ಹಿರಿಯರಿಗೆ ಸಂದೇಹ ಬರುವುದು ಸಹಜ. ಕೆಲವೇ ತಿಂಗಳ ತರಬೇತಿಯಲ್ಲಿ ಕಲಿಸುವ ಕೆಲಸಕ್ಕೆ ಎರಡು ವರ್ಷದ ಓದೇಕೆ? ಅಷ್ಟೊಂದು ವೆಚ್ಚವೇಕೆ? ಇದಕ್ಕೆ ಉತ್ತರ ಬೇಕಾದರೆ ಈ ವಿದ್ಯೆ ಯಾರ ಕೈಯಲ್ಲಿ ಬೆಳೆಯಿತೆಂಬುದನ್ನು ನೋಡಬೇಕು.

ಅದು ಬಹುಮಟ್ಟಿಗೆ ಬೆಳೆದುದು ವಿದ್ಯಾರ್ಥಿಗಳ ಪ್ರೌಢಪ್ರಬಂಧಗಳಲ್ಲಿ. ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ಕ್ರಮವನ್ನು ಐವನ್ ಸದರ್ಲೆಂಡರು 1963ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಗೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದರು. 1968ರಲ್ಲಿ ಅವರು ಯೂಟಾ ವಿಶ್ವವಿದ್ಯಾನಿಲಯಕ್ಕೆ ಬಂದು ಡೇವಿಡ್ ಇವಾನ್ಸರ ಜೊತೆಗೂಡಿದ ಮೇಲೆ, ಅಲ್ಲಿ ಉತ್ಸಾಹಿ ವಿದ್ಯಾರ್ಥಿಗಳ ಒಂದು ಗುಂಪೇ ಕಲೆತಿತು.

ಅವರ ಮುಂದಿದ್ದ ತೊಡಕು ಇದು. ಗಣಕವು ದುಂಡಗಿನ ವಸ್ತುವನ್ನು ಚಪ್ಪಟೆಯಾದ ಸಣ್ಣ ಸಣ್ಣ ತುಂಡುಗಳಾಗಿ ಎಣಿಸುತ್ತದೆ. ಒಂದೊಂದು ತುಂಡಿಗೆ ಒಂದೊಂದು ಬಣ್ಣ ತುಂಬಿದರೆ ಮನುಷ್ಯನ ಕೆನ್ನೆಯೂ ಪಟ್ಟೆ ಹೊಡೆದ ಹರಳಿನಂತೆ ಕಾಣುತ್ತದೆ. ಹೆನ್ರಿ ಗೂರೋ ಎಂಬ ಫ್ರೆಂಚ್ ವಿದ್ಯಾರ್ಥಿ 1971ರಲ್ಲಿ ಇದಕ್ಕೊಂದು ಪರಿಹಾರ ಕಂಡರು. ತುಂಡುಗಳ ಮೂಲೆಗಳಲ್ಲಿ ಮಾತ್ರ ಬೆಳಕೆಷ್ಟೆಂದು ಎಣಿಸಿ, ನಡುವಣ ಜಾಗದಲ್ಲಿ ಅದನ್ನು ಮೆಲ್ಲಮೆಲ್ಲನೆ ಏರಿಳಿಸಿದರಾಯಿತು. ಅಂಚುಗಳು ಕಣ್ಣಿಗೆ ಬೀಳವು. ಇದನ್ನು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ತಮ್ಮ ಪತ್ನಿಯ ಮುಖವನ್ನು.

ಆದರೂ ಹೊಳಪು ಸರಿಯಾಗಿ ಬರಲಿಲ್ಲ. ಹುಣಿಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆಯ ತಂಬಿಗೆಯನ್ನು ಒಮ್ಮೆ ಕಿಟಕಿಯ ಬಳಿ ಇಟ್ಟು ನೋಡಿರಿ. ತಾವು ತಲೆಯನ್ನು ಅತ್ತಿತ್ತ ಆಡಿಸಿದರೆ ಅದರ ಮೇಲಿನ ಹೊಳಪಿನ ಚುಕ್ಕೆಯೂ ಸರಿಯುತ್ತದೆ. ಮಣ್ಣಿನ ಮಡಕೆಯಲ್ಲಿ ಹೀಗಾಗದು. ಅದರ ಬೆಳಕು ಎತ್ತ ನಿಂತು ನೋಡಿದರೂ ಒಂದೇ. ಮಡಕೆಯ ಬೆಳಕಿಗೆ ದೀಪವಿರುವ ದಿಕ್ಕು ಸಾಕು. ತಂಬಿಗೆಯ ಹೊಳಪಿಗೆ ನೋಡುವವನ ಕಣ್ಣಿನ ದಿಕ್ಕೂ ಬೇಕು. ಈ ಎರಡು ಬಗೆಯ ಬೆಳಕಿನೊಡನೆ, ಸುತ್ತಲೂ ಹರಡಿರುವ ಮಂದ ಬೆಳಕನ್ನೂ ಕೂಡಿಸಿ ಒಂದೇ ಸೂತ್ರ ಮಾಡಿದವರು ವಿಯಟ್ನಾಮಿನ ಬುಯಿ ತುವಾಂಗ್ ಫಾಂಗ್. ಅವರ ಪ್ರಬಂಧ 1973ರದು. 1975ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ನಮ್ಮ ಅಮರಕೋಶವು ಛಾಯೆ ಎಂಬ ಒಂದೇ ಶಬ್ದಕ್ಕೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಅರ್ಥಗಳನ್ನು ಹೇಳುತ್ತದೆ. ಈ ಮೂರನ್ನೂ ಲೆಕ್ಕಕ್ಕೆ ತರುವುದೇ ಗಣಕಚಿತ್ರದ ಮುಖ್ಯ ಕೆಲಸವೆಂದರೆ ತಪ್ಪಾಗದು.

ಅದೇ ತಂಡದ ಎಡ್ ಕ್ಯಾಟ್‌ಮಲ್ ಎಂಬುವರಿಗೆ ಬಾಲ್ಯದಿಂದ ಚಲಿಸುವ ಚಿತ್ರ ಬರೆಯುವ ಹಂಬಲ. ಚಿತ್ರ ಬರೆಯುವ ಕೈ ಸಾಲದೆಂದು ತೋರಿ ಭೌತಶಾಸ್ತ್ರವನ್ನೂ ಗಣಕವಿಜ್ಞಾನವನ್ನೂ ಓದಿದರು. 1972ರಲ್ಲಿ ತಮ್ಮ ಎಡಗೈಯ ಎರಕ ತೆಗೆದು, ಅದರ ಮೇಲೆ ಸುಮಾರು 350 ತುಂಡುಗಳನ್ನು ಗುರುತಿಸಿ, ಅವುಗಳ ಅಳತೆಯನ್ನು ಗಣಕಕ್ಕೆ ಒಪ್ಪಿಸಿ, ಸಹಪಾಠಿ ಫ್ರೆಡ್ ಪಾರ್ಕರೊಡನೆ ಆ ಕೈ ಬೆರಳು ಮಡಿಸುವ ಕಿರುಚಿತ್ರ ತೆಗೆದರು. 1974ರ ಪ್ರಬಂಧದಲ್ಲಿ, ಬಾಗಿದ ಮೈಯ ಮೇಲೆ ಚಿತ್ರವನ್ನು ಹೊದಿಸುವುದು ಹೇಗೆ, ಯಾವ ವಸ್ತು ಮುಂದೆ ಯಾವುದು ಹಿಂದೆ ಎಂದು ಚುಕ್ಕೆಚುಕ್ಕೆಗೂ ನಿಶ್ಚಯಿಸುವುದು ಹೇಗೆ ಎಂಬುದನ್ನು ವಿವರಿಸಿದರು. ಮುಂದೆ ಅವರು ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಪೂರ್ತಿಯಾಗಿ ಗಣಕದಿಂದಲೇ ಆದ ಮೊದಲ ದೀರ್ಘಚಿತ್ರ 'ಟಾಯ್ ಸ್ಟೋರಿ' 1995ರಲ್ಲಿ ಅಲ್ಲಿಂದಲೇ ಹೊರಬಂದಿತು.

ಆ ದಿನಗಳ ಯಂತ್ರಗಳು ಈಗ ವಸ್ತುಸಂಗ್ರಹಾಲಯಗಳನ್ನು ಸೇರಿವೆ. ಫಾಂಗರ ಸೂತ್ರವನ್ನಾದರೋ ಇಂದಿಗೂ ಮೊದಲ ಪಾಠಗಳಲ್ಲಿ ಹೇಳಿಕೊಡುತ್ತಾರೆ. ಅಲ್ಪಾವಧಿಯ ತರಬೇತಿಗೂ ಉನ್ನತ ವ್ಯಾಸಂಗಕ್ಕೂ ಇರುವ ಭೇದ ಇಲ್ಲಿಯೇ ಇದೆ. ಒಂದರಲ್ಲಿ ಸಿದ್ಧ ತಂತ್ರಾಂಶವನ್ನು ನಡೆಸಲು ಕಲಿಯುತ್ತಾರೆ; ಆ ತಂತ್ರಾಂಶ ಹಳತಾದಾಗ ಮತ್ತೆ ಕಲಿಯಬೇಕು. ಇನ್ನೊಂದರಲ್ಲಿ, ವಸ್ತು ಹೀಗೇಕೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಡುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಎರಡು ದಾರಿಗಳುಂಟು. ಗಣಿತದಲ್ಲಿಯೂ ಪ್ರೋಗ್ರಾಮ್ ಬರೆಯುವುದರಲ್ಲಿಯೂ ಆಸಕ್ತಿಯುಳ್ಳವರು ಗೇಟ್ ಪರೀಕ್ಷೆ ಬರೆದು ಗಣಕವಿಜ್ಞಾನದ ಎಂ.ಟೆಕ್. ಸೇರಿ ಈ ವಿಷಯವನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದರ ಸಂಶೋಧನೆ ನಡೆಯುತ್ತದೆ. ಚಿತ್ರರಚನೆಯಲ್ಲಿ, ಕಥೆ ಹೇಳುವುದರಲ್ಲಿ ಒಲವಿರುವವರು ಸೀಡ್ ಪರೀಕ್ಷೆಯ ಮೂಲಕ ಮುಂಬಯಿಯ ಐ.ಐ.ಟಿ.ಯಂಥ ಕಡೆ ಎಂ.ಡೆಸ್. ಪದವಿಗೆ ಪ್ರಯತ್ನಿಸಬಹುದು. ಮೊದಲನೆಯವರು ಕಣ್ಣಿಟ್ಟು ನೋಡುವುದನ್ನೂ ಎರಡನೆಯವರು ಅಷ್ಟಿಷ್ಟು ರೇಖಾಗಣಿತವನ್ನೂ ಕಲಿಯದೆ ವಿಧಿಯಿಲ್ಲ.

ಎಲ್ಲಿಗೆ ಸೇರಿಸುವುದಾದರೂ ಹಣ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಿರಿ. ಪಾಠಪಟ್ಟಿಯಲ್ಲಿ ತಂತ್ರಾಂಶಗಳ ಹೆಸರುಗಳೇ ತುಂಬಿವೆಯೊ, ಗಣಿತ, ಬೆಳಕು, ಚಿತ್ರಕಲೆಗಳಿಗೂ ಸ್ಥಾನವಿದೆಯೊ? ಕಲಿಸುವವರು ತಾವೇ ಏನನ್ನು ಮಾಡಿದ್ದಾರೆ? ಕೊನೆಯಲ್ಲಿ ವಿದ್ಯಾರ್ಥಿ ಸ್ವಂತವಾಗಿ ಒಂದು ಪ್ರಬಂಧವನ್ನೋ ಚಿತ್ರವನ್ನೋ ಒಪ್ಪಿಸಬೇಕೊ, ಬೇಡವೊ? ಈ ಮೂರಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ, ಮಕ್ಕಳ ಇಚ್ಛೆಗೆ ತಾವು ಧೈರ್ಯವಾಗಿ ಒಪ್ಪಿಗೆ ಕೊಡಬಹುದು.